ಕನ್ಯೆ ನೋಡಲು ಹೋದಾಗ ಉಗ್ಗನ್ನು ಮುಚ್ಚಿಡಬೇಕೇ, ಮೊದಲೇ ಹೇಳಬೇಕೇ?

ಪ್ರಶ್ನೆ: ಜಮಖಂಡಿಯ ಲೆಕ್ಕಿಗ

ನಾನು ಜಮಖಂಡಿ ತಾಲ್ಲೂಕಿನವನು. ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ನಾಲ್ಕು ವರ್ಷದವನಿದ್ದಾಗಿನಿಂದ ನನಗೆ ಉಗ್ಗು ಇದೆ ಎಂದು ತಾಯಿ ಹೇಳುತ್ತಾರೆ. ಕ, ತ, ಬ ಅಕ್ಷರಗಳಿಂದ ಆರಂಭವಾಗುವ ಶಬ್ದ ಬಂದರೆ ಮಾತು ಅಲ್ಲಿಯೇ ಕಟ್ಟಿಕೊಳ್ಳುತ್ತದೆ. ಗಂಟಲಿನಿಂದ ಉಸಿರೂ ಹೊರಡುವುದಿಲ್ಲ, ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ, ದವಡೆ ಒಂದು ಪಕ್ಕಕ್ಕೆ ಸೆಳೆಯುತ್ತದೆ. ಶಬ್ದ ಹೊರಬಿದ್ದು ನಾನು ಕಣ್ಣು ತೆರೆಯುವಷ್ಟರಲ್ಲಿ ಎದುರಿಗಿದ್ದವರ ಮುಖ ಬದಲಾಗಿರುತ್ತದೆ. ಕೆಲವರು ನೆಲ ನೋಡುತ್ತಿರುತ್ತಾರೆ, ಕೆಲವರು ನನ್ನ ವಾಕ್ಯವನ್ನು ತಾವೇ ಮುಗಿಸಿ ಮುಂದಿನ ಮಾತಿಗೆ ಹೋಗಿರುತ್ತಾರೆ.

ಬೇರೆ ಶಬ್ದಗಳಾದರೆ ಹೇಗೋ ದಾಟಿಕೊಳ್ಳಬಹುದು. 'ಬೆಳಿಗ್ಗೆ' ಬಾರದಿದ್ದರೆ 'ಮುಂಜಾನೆ' ಎನ್ನುತ್ತೇನೆ, 'ತಂದೆ' ಬಾರದಿದ್ದರೆ 'ಅಪ್ಪ' ಎನ್ನುತ್ತೇನೆ. ಆದರೆ ನನ್ನ ಹೆಸರೇ ಬ-ಕಾರದಿಂದ ಆರಂಭವಾಗುತ್ತದೆ, ಅದಕ್ಕೆ ಬದಲಿ ಶಬ್ದವಿಲ್ಲ. ತನ್ನ ಹೆಸರು ಹೇಳಲು ತಡವರಿಸುವವನನ್ನು ಜನ ಒಂದೋ ಅಂಜುಬುರುಕ ಎಂದುಕೊಳ್ಳುತ್ತಾರೆ, ಇಲ್ಲವೇ ಏನನ್ನೋ ಮುಚ್ಚಿಡುತ್ತಿದ್ದಾನೆ ಎಂದು ಸಂಶಯ ಪಡುತ್ತಾರೆ. ಸಂಘದಲ್ಲಿ ನನ್ನನ್ನು ಕೌಂಟರಿನಿಂದ ಒಳಗಿನ ಕೋಣೆಗೆ ಕಳಿಸಿದಾಗ ಮೇಲಿನವರು ಸಿಟ್ಟಿನಿಂದೇನೂ ಹೇಳಲಿಲ್ಲ, 'ನಿನಗೂ ಆರಾಮ' ಎಂದರು. ಆ ಆರಾಮವನ್ನು ನಾನು ಬೇಡಿರಲಿಲ್ಲ.

ನನ್ನನ್ನು ಹೆಚ್ಚು ಗೊಂದಲಕ್ಕೆ ತಳ್ಳುವ ಸಂಗತಿ ಇನ್ನೊಂದಿದೆ. ಶ್ರಾವಣದಲ್ಲಿ ಮಠದ ಭಜನೆಯಲ್ಲಿ ನಾನು ಹಾಡುತ್ತೇನೆ, ಒಂದು ಅಕ್ಷರವೂ ತಡೆಯುವುದಿಲ್ಲ. ಹೊಲದಲ್ಲಿ ಎತ್ತುಗಳೊಂದಿಗೆ, ಮನೆಯಲ್ಲಿ ಅಕ್ಕನ ಕೂಸಿನೊಂದಿಗೆ ಮಾತಾಡುವಾಗಲೂ ಸರಾಗ. ಇದನ್ನು ನೋಡಿಯೇ ತಾಯಿ, 'ನಿನಗ ಬರ್ತೈತಿ, ನೀ ಧೈರ್ಯ ಮಾಡಂಗಿಲ್ಲ ಅಷ್ಟ' ಎನ್ನುತ್ತಾರೆ. ಅವರಿಗೆ ಏನು ಉತ್ತರ ಕೊಡಬೇಕೆಂದು ನನಗೆ ಇಂದಿಗೂ ತಿಳಿದಿಲ್ಲ.

ಈಗ ಮನೆಯಲ್ಲಿ ಕನ್ಯೆ ನೋಡುತ್ತಿದ್ದಾರೆ. ಮುಧೋಳ ಕಡೆಯ ಒಂದು ಮನೆತನದವರು ಜಾತಕ, ಹೊಲ, ನೌಕರಿ ಎಲ್ಲವನ್ನೂ ಒಪ್ಪಿದ್ದಾರೆ, ಉಗ್ಗಿನ ವಿಷಯ ಮಾತ್ರ ಅವರಿಗೆ ಗೊತ್ತಿಲ್ಲ. ಸೋದರಮಾವ ಸ್ಪಷ್ಟವಾಗಿ ಹೇಳಿದ್ದಾರೆ: 'ಅಲ್ಲಿ ನೀ ಏನೂ ಮಾತಾಡಬ್ಯಾಡ. ಕೇಳಿದ್ದಕ್ಕ ಹೂಂ ಅನ್ನು ಸಾಕು, ಉಳಿದದ್ದು ನಾ ನೋಡ್ಕೋತೀನಿ.' ಅವರ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಜೀವನಪೂರ್ತಿ ಜೊತೆಗಿರಬೇಕಾದವಳ ಎದುರು ಮೊದಲ ದಿನವೇ ಮೂಕನಂತೆ ಕುಳಿತು ಬರುವುದು ನನಗೆ ಒಪ್ಪಿಗೆಯಾಗುತ್ತಿಲ್ಲ. ಮೊದಲೇ ಹೇಳಬೇಕೇ? ಹೇಳುವುದಾದರೆ ಯಾರು, ಹೇಗೆ ಹೇಳಬೇಕು? ಮಕ್ಕಳಿಗೂ ಬರುತ್ತದೆಯೇ ಎಂದು ಅವರು ಕೇಳಿದರೆ ಏನೆನ್ನಲಿ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ: ವಾಕ್ ಚಿಕಿತ್ಸಕಿ, ಬೆಳಗಾವಿ

ನಿಮ್ಮ ತಾಯಿಗೆ ಕೊಡಬೇಕಾದ ಉತ್ತರದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದ ತಪ್ಪು ತಿಳುವಳಿಕೆಗಳೆಲ್ಲ ಅಲ್ಲಿಂದಲೇ ಹುಟ್ಟುತ್ತವೆ. ಹಾಡುವಾಗ, ಹತ್ತು ಜನರೊಂದಿಗೆ ಒಟ್ಟಾಗಿ ಪ್ರಾರ್ಥನೆ ಹೇಳುವಾಗ, ಒಬ್ಬರೇ ಇದ್ದು ಮಾತಾಡಿಕೊಳ್ಳುವಾಗ, ಪಶುಗಳೊಂದಿಗೆ ಅಥವಾ ಕೂಸುಗಳೊಂದಿಗೆ ಮಾತಾಡುವಾಗ ತೊದಲು ಬಹುತೇಕ ಇಲ್ಲವಾಗುವುದು ಪ್ರಪಂಚದ ಎಲ್ಲ ಭಾಷೆಗಳ ಉಗ್ಗಿನಲ್ಲಿಯೂ ಕಂಡುಬರುವ ಲಕ್ಷಣ. ಭಜನೆಯಲ್ಲಿ ಲಯವೂ ಶಬ್ದಗಳೂ ಮೊದಲೇ ಸಿದ್ಧವಾಗಿರುತ್ತವೆ, ಪಕ್ಕದವರ ಧ್ವನಿ ನಿಮ್ಮ ಧ್ವನಿಗೆ ಆಸರೆಯಾಗುತ್ತದೆ. ಎದುರಿಗೊಬ್ಬರು ಉತ್ತರಕ್ಕೆ ಕಾದು ಕುಳಿತಾಗ ಮಾತ್ರ ಆಲೋಚನೆ, ವಾಕ್ಯರಚನೆ, ಉಸಿರು, ನಾಲಿಗೆಯ ಚಲನೆ ಇವೆಲ್ಲವೂ ಅದೇ ಕ್ಷಣದಲ್ಲಿ ಕೂಡಿಬರಬೇಕಾಗುತ್ತದೆ. ಮಾತಿನ ಚಲನೆಗಳನ್ನು ಸಕಾಲದಲ್ಲಿ ಚಾಲನೆಗೊಳಿಸುವ ಮಿದುಳಿನ ಜಾಲಗಳು ಉಗ್ಗು ಇರುವವರಲ್ಲಿ ತುಸು ಭಿನ್ನವಾಗಿ ಕೆಲಸ ಮಾಡುತ್ತವೆ ಎಂಬುದು ಮಿದುಳಿನ ಚಿತ್ರಣಗಳಿಂದ ತಿಳಿದುಬಂದಿದೆ. ಧೈರ್ಯದ ಕೊರತೆಯಿಂದ ಉಗ್ಗು ಬರುವುದಿಲ್ಲ. ವರ್ಷಗಟ್ಟಲೆ ಜನರ ಮುಖ ಬದಲಾಗುವುದನ್ನು ನೋಡಿದವರಲ್ಲಿ ಭಯ ಅನಂತರ ಬಂದು ಸೇರಿಕೊಳ್ಳುತ್ತದೆ.

ಸಾಮಾನ್ಯವಾಗಿ ಉಗ್ಗು ಎರಡರಿಂದ ಐದು ವರ್ಷದೊಳಗೆ ಆರಂಭವಾಗುತ್ತದೆ. ಹಾಗೆ ಆರಂಭವಾದ ಮಕ್ಕಳಲ್ಲಿ ಹೆಚ್ಚಿನವರಿಗೆ ಕೆಲವು ವರ್ಷಗಳಲ್ಲಿ ತಾನಾಗಿಯೇ ಹೋಗುತ್ತದೆ, ದೊಡ್ಡವರಾದ ಮೇಲೂ ಉಗ್ಗು ಇರುವುದು ಒಟ್ಟು ವಯಸ್ಕರಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ. ಹೀಗೆ ಉಳಿದವರಲ್ಲಿ ಒಬ್ಬ ಹೆಂಗಸಿಗೆ ಸುಮಾರು ನಾಲ್ವರು ಗಂಡಸರಿರುತ್ತಾರೆ. ಜಮಖಂಡಿಯಂತಹ ಊರಿನಲ್ಲಿ ಎಷ್ಟು ಜನರಿರಬಹುದೆಂದು ನೀವೇ ಅಂದಾಜು ಮಾಡಿ. ಅವರು ನಿಮಗೆ ಕಾಣದಿರುವುದಕ್ಕೆ ಕಾರಣ, ನಿಮ್ಮಂತೆಯೇ ಅವರನ್ನೂ ಒಳಗಿನ ಕೋಣೆಯಲ್ಲಿ ಕೂರಿಸಲಾಗಿದೆ.

ಮಕ್ಕಳ ಬಗೆಗಿನ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಹೀಗಿದೆ. ಉಗ್ಗಿನಲ್ಲಿ ವಂಶವಾಹಿಗಳ ಪಾತ್ರವಿದೆ. 2010ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ವಿಜ್ಞಾನಿಗಳು ಪಾಕಿಸ್ತಾನದ ಕುಟುಂಬಗಳ ಅಧ್ಯಯನದಿಂದ ಆರಂಭಿಸಿ ಇದಕ್ಕೆ ಸಂಬಂಧಿಸಿದ ಮೂರು ವಂಶವಾಹಿಗಳನ್ನು ಗುರುತಿಸಿದರು. ಆದರೆ ಎಲ್ಲರ ಉಗ್ಗನ್ನೂ ಅವು ವಿವರಿಸುವುದಿಲ್ಲ. ತಂದೆಗೆ ಇದ್ದರೆ ಮಗುವಿಗೆ ಬರುವ ಸಾಧ್ಯತೆ ಇತರರಿಗಿಂತ ಹೆಚ್ಚು ನಿಜ, ಬಂದೇ ಬರುತ್ತದೆ ಎಂದೇನೂ ಇಲ್ಲ. ಬಂದರೂ ಶಾಲೆಗೆ ಸೇರುವ ಮುನ್ನವೇ ವಾಕ್ ತಜ್ಞರ ಬಳಿಗೆ ಕರೆದೊಯ್ದರೆ ಬಹಳಷ್ಟು ಸಾಧ್ಯವಿದೆ. ಇಷ್ಟನ್ನು ಹಾಗೆಯೇ ಹೇಳಿ.

ಇನ್ನು ಗುಣಪಡಿಸುವ ಮಾತು. ಉಗ್ಗನ್ನು ಹೋಗಲಾಡಿಸುವ ಮಾತ್ರೆ ಇಲ್ಲ, ಶಸ್ತ್ರಚಿಕಿತ್ಸೆಯೂ ಇಲ್ಲ. ಬಜೆಯನ್ನು ತೇಯ್ದು ನಾಲಿಗೆಗೆ ಹಚ್ಚುವುದು, ಗಿಳಿ ಕಚ್ಚಿದ ಹಣ್ಣು ತಿನ್ನಿಸುವುದು, ನಾಲಿಗೆಯ ಕೆಳಗಿನ ಎಳೆಯನ್ನು ಕತ್ತರಿಸುವುದು ಇವು ಯಾವುವೂ ಉಗ್ಗಿಗೆ ಸಂಬಂಧಪಟ್ಟವಲ್ಲ. ಇಷ್ಟು ದಿನಗಳಲ್ಲಿ ಸಂಪೂರ್ಣ ಗುಣ ಎಂದು ಖಾತರಿ ಕೊಡುವ ಜಾಹೀರಾತುಗಳಿಂದ ದೂರವಿರಿ. ಶಬ್ದವನ್ನು ಮೃದುವಾಗಿ ಆರಂಭಿಸುವುದು, ಕಟ್ಟಿಕೊಂಡ ಶಬ್ದದೊಳಗೇ ಬಿಗಿತವನ್ನು ಸಡಿಲಿಸಿ ಹೊರಬರುವುದು, ಬೇಕೆಂದೇ ತೊದಲಿ ಆ ಭಯವನ್ನು ಕರಗಿಸುವುದು ಇವುಗಳಿಂದ ವಯಸ್ಕರಿಗೆ ನಿಜವಾದ ಪ್ರಯೋಜನವಾಗುತ್ತದೆ. ಕೊನೆಯ ಎರಡನ್ನು ಚಿಕಿತ್ಸೆಯ ರೂಪಕ್ಕೆ ತಂದವರಲ್ಲಿ ಪ್ರಮುಖರಾದ ಅಮೆರಿಕದ ಚಾರ್ಲ್ಸ್ ವ್ಯಾನ್ ರೈಪರ್ ಅವರಿಗೇ ಉಗ್ಗಿತ್ತು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕ್ಷೇತ್ರದಲ್ಲಿ ದೇಶಕ್ಕೇ ಹೆಸರಾದದ್ದು, ಆದರೆ ನಮ್ಮ ಭಾಗದ ದೊಡ್ಡ ಆಸ್ಪತ್ರೆಗಳಲ್ಲಿಯೂ ಈಗ ವಾಕ್ ಚಿಕಿತ್ಸಕರು ಸಿಗುತ್ತಾರೆ.

ನೀವು ಕೇಳದಿದ್ದರೂ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಬೆಳಗಾವಿಯಲ್ಲಿ ವಾರಕ್ಕೊಮ್ಮೆಯಾದರೂ ಇದು ಎದುರಾಗುತ್ತದೆ. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಆದದ್ದರಿಂದಲೇ ಮಗು ತೊದಲುತ್ತಿದೆ ಎಂದು ತಂದೆ ತಾಯಿ ಒಂದು ಭಾಷೆಯನ್ನು ನಿಲ್ಲಿಸಿಬಿಡುತ್ತಾರೆ. ಎರಡು ಮೂರು ಭಾಷೆ ಆಡುವುದರಿಂದ ಉಗ್ಗು ಬರುವುದಿಲ್ಲ. ಅಜ್ಜಿಯ ಭಾಷೆಯನ್ನು ಕಿತ್ತುಕೊಂಡರೆ ಮಗುವಿಗೆ ಅಜ್ಜಿಯೊಂದಿಗಿನ ಮಾತು ತಪ್ಪುತ್ತದೆಯೇ ಹೊರತು ತೊದಲು ತಪ್ಪುವುದಿಲ್ಲ.

ಉತ್ತರ: ನಿವೃತ್ತ ಮುಖ್ಯೋಪಾಧ್ಯಾಯ, ವಿಜಯಪುರ

ತಮ್ಮಾ, ನಿನ್ನ ಬರವಣಿಗೆ ಓದಿದರೆ ನೀನು ಬುದ್ಧಿವಂತನೆಂಬುದು ತಿಳಿಯುತ್ತದೆ. ಗ್ರೀಕರ ಮಹಾ ವಾಗ್ಮಿ ಡೆಮಾಸ್ತನೀಸ್ ಬಾಯಲ್ಲಿ ಬೆಣಚುಕಲ್ಲು ಇಟ್ಟುಕೊಂಡು ಅಭ್ಯಾಸ ಮಾಡಿ ಮಾತು ತಿದ್ದಿಕೊಂಡನೆಂದು ನಾವು ಮಕ್ಕಳಿಗೆ ಹೇಳುತ್ತಿದ್ದೆವು. ದಿನವೂ ಮುಂಜಾನೆ ಗಟ್ಟಿಯಾಗಿ ಓದು. ಧೈರ್ಯಂ ಸರ್ವತ್ರ ಸಾಧನಂ. ಮದುವೆಯ ವಿಷಯದಲ್ಲಿ ಮಾತ್ರ ನಿನ್ನ ಮಾವನ ಮಾತನ್ನು ತಳ್ಳಿಹಾಕಬೇಡ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ, ಮತ್ತು ಇಲ್ಲಿ ನೀನು ಸುಳ್ಳನ್ನೂ ಹೇಳುತ್ತಿಲ್ಲ, ಸುಮ್ಮನಿರುತ್ತಿದ್ದೀಯ ಅಷ್ಟೆ. ನಿನ್ನ ಗುಣ ಕಂಡ ಮೇಲೆ ಆ ಹುಡುಗಿಗೆ ಇದು ದೊಡ್ಡ ವಿಷಯವೇ ಆಗುವುದಿಲ್ಲ.

ಉತ್ತರ: ಇಳಕಲ್ಲಿನ ಸೊಸೆ

ಗುರುಗಳ ಕಾಳಜಿಗೆ ನಮಸ್ಕಾರ. ಆದರೆ ಸುಮ್ಮನಿರುವುದರ ಫಲ ಏನಾಗುತ್ತದೆ ಎಂಬುದನ್ನು ನಾನು ಅನುಭವಿಸಿದ್ದೇನೆ, ಆದ್ದರಿಂದ ಅವರ ಸಲಹೆಯನ್ನು ಒಪ್ಪಲಾರೆ.

ನನಗೂ ಚಿಕ್ಕಂದಿನಿಂದ ಉಗ್ಗು ಇದೆ. ಗಂಡಸು ತೊದಲಿದರೆ ಅಂಜುಬುರುಕ ಎನ್ನುತ್ತಾರೆ. ಹೆಣ್ಣುಮಗಳು ತೊದಲುವುದಕ್ಕೆ ಹೆದರಿ ಬಾಯಿ ಮುಚ್ಚಿಕೊಂಡಿದ್ದರೆ ಅದನ್ನೇ ಗುಣವೆಂದು ಹೊಗಳುತ್ತಾರೆ. 'ಹುಡುಗಿ ಭಾಳ ಶಾಂತ' ಎಂಬ ಮಾತನ್ನು ನನ್ನ ಬಗ್ಗೆ ಎಷ್ಟು ಜನ ಆಡಿದರೋ. ತರಗತಿಯಲ್ಲಿ ಉತ್ತರ ಗೊತ್ತಿದ್ದೂ ಕೈ ಎತ್ತದೆ ಕುಳಿತವಳ ಸಂಕಟ ಅವರಿಗೆ ನಾಚಿಕೆಯಾಗಿ ಕಂಡಿತು. ಮೊದಲು ಬಂದ ಸಂಬಂಧದಲ್ಲಿ ನಮ್ಮ ಮನೆಯವರೂ ನಿಮ್ಮ ಮಾವನಂತೆಯೇ ಯೋಚಿಸಿದರು. ನಾನು ಚಹಾ ಕೊಟ್ಟೆ, ತಲೆ ತಗ್ಗಿಸಿ ಕುಳಿತೆ, ಎಲ್ಲರೂ ಮೆಚ್ಚಿದರು. ನಿಶ್ಚಯವಾದ ಮೇಲೆ ಹುಡುಗ ಫೋನ್ ಮಾಡಿದ. ನನ್ನ ಬಾಯಿಂದ 'ಹಲೋ' ಹೊರಡಲಿಲ್ಲ. ಕೇಳಿಸುತ್ತಿಲ್ಲವೆಂದು ಅವನು ಕರೆ ಕತ್ತರಿಸಿ ಮತ್ತೆ ಮಾಡಿದ, ಆಗಲೂ ಹಾಗೆಯೇ ಆಯಿತು. ಕೆಲವೇ ದಿನಗಳಲ್ಲಿ ಸಂಬಂಧ ಮುರಿಯಿತು. ಉಗ್ಗಿದ್ದುದಕ್ಕಲ್ಲ, ಮುಚ್ಚಿಟ್ಟದ್ದಕ್ಕೆ ಎಂದು ಅವರು ಹೇಳಿ ಕಳಿಸಿದರು. ಅದರಲ್ಲಿ ಎಷ್ಟು ನಿಜವಿತ್ತೋ ನಾನರಿಯೆ, ಆದರೆ ಆ ಮಾತಿಗೆ ಎದುರಾಡಲು ನಮ್ಮ ಬಳಿ ಏನೂ ಇರಲಿಲ್ಲ.

ಎರಡನೆಯ ಸಂಬಂಧ ಬಂದಾಗ ನಾನು ಹಟ ಹಿಡಿದೆ. ಮಧ್ಯಸ್ಥರ ಮೂಲಕ ಹುಡುಗನಿಗೆ ಒಂದು ಧ್ವನಿ ಸಂದೇಶ ಕಳಿಸಿದೆ: ನನ್ನ ಹೆಸರು, ಓದು, ನನಗೆ ಉಗ್ಗು ಇರುವ ವಿಷಯ, ನಾನು ಮಾತಾಡುವುದು ಹೀಗೆಯೇ ಇರುತ್ತದೆ ಎಂಬುದು. ಅದರಲ್ಲಿ ತೊದಲು ಇದ್ದಷ್ಟೂ ಹಾಗೆಯೇ ಇತ್ತು. ಮರುದಿನ ಅವರಿಂದಲೂ ಧ್ವನಿ ಸಂದೇಶವೇ ಬಂತು. ನನ್ನ ಉಗ್ಗಿನ ಬಗ್ಗೆ ಅದರಲ್ಲಿದ್ದದ್ದು ಒಂದೇ ವಾಕ್ಯ, ಉಳಿದದ್ದು ಅವರ ಮನೆಯ ಸೀರೆ ವ್ಯಾಪಾರದ ಬಗ್ಗೆ.

ಮದುವೆಯಲ್ಲಿ ನನಗಿದ್ದ ದೊಡ್ಡ ಭಯ ಒಡಪಿನದು. ನಮ್ಮ ಕಡೆಯ ಮದುವೆಗಳಲ್ಲಿ ಗಂಡನ ಹೆಸರನ್ನು ಒಡಪು ಕಟ್ಟಿ ಹೇಳದೆ ಮದುಮಗಳನ್ನು ಯಾರೂ ಬಿಡುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಪ್ರಾಸವಿದ್ದ ಸಾಲುಗಳು ಸರಾಗವಾಗಿ ಬಂದವು, ಆದರೆ ಹೆಸರಿಗೆ ಬಂದ ಕೂಡಲೇ ಮಾತು ನಿಂತಿತು. ಸುತ್ತಲಿದ್ದ ಹೆಣ್ಣುಮಕ್ಕಳು ನಾಚಿಕೆಯೆಂದುಕೊಂಡು ನಕ್ಕರು, ಇಬ್ಬರು ಹೆಸರನ್ನು ತಾವೇ ಕೂಗಿ ಹೇಳಿಕೊಟ್ಟರು. ಆಗ ಅತ್ತೆಯ ತಂಗಿ ಅವರತ್ತ ಕೈ ಮಾಡಿ, 'ತಡೀರಿ, ಆಕಿ ಹೇಳ್ತಾಳ' ಎಂದರು. ಅಷ್ಟೇ ಹೇಳಿ ನನ್ನ ಮುಖವನ್ನೇ ನೋಡುತ್ತ ನಿಂತರು. ಅವರ ನೋಟದಲ್ಲಿ ಕನಿಕರವೂ ಇರಲಿಲ್ಲ, ಅವಸರವೂ ಇರಲಿಲ್ಲ. ನಾನು ಹೆಸರು ಹೇಳಿದೆ. ಉಗ್ಗು ಇರುವವರಿಗೆ ಬೇಕಾದದ್ದು ಏನು ಎಂದು ಯಾರಾದರೂ ಕೇಳಿದರೆ ಆ ನೋಟವನ್ನೇ ನಾನು ತೋರಿಸಬೇಕಾಗುತ್ತದೆ.

ಎಲ್ಲವೂ ಅಲ್ಲಿಗೆ ಸರಿಹೋಯಿತೆಂದು ತಿಳಿಯಬೇಡಿ. ಅಂಗಡಿಯಲ್ಲಿ ಇಳಕಲ್ ಸೀರೆಯ ಟೋಪ ತೆನಿ ಎಂಬ ವಿನ್ಯಾಸದ ಸೆರಗಿನ ಬಗ್ಗೆ ಗಿರಾಕಿಗಳಿಗೆ ವಿವರಿಸುವಾಗ ನಾನು ತಡೆದರೆ ನನ್ನ ಗಂಡ ತಾವೇ ವಾಕ್ಯ ಮುಗಿಸುತ್ತಿದ್ದರು. ಸಹಾಯವೆಂದೇ ಅವರು ಮಾಡುತ್ತಿದ್ದದ್ದು, ಆದರೆ ಗಿರಾಕಿ ಅನಂತರ ನನ್ನತ್ತ ನೋಡುವುದನ್ನೇ ಬಿಟ್ಟು ಅವರೊಂದಿಗೆ ಮಾತು ಮುಂದುವರಿಸುತ್ತಿದ್ದರು. ಬೇಡವೆಂದು ಕುಳಿತು ಹೇಳಿದ ಮೇಲೆ, ಬಹಳ ದಿನಗಳ ನಂತರ ಆ ಅಭ್ಯಾಸ ಹೋಯಿತು. ನೀವೂ ಮನೆಯಾಕೆಗೆ ಮೊದಲೇ ಹೇಳಿರಿ: ಉಗ್ಗು ಇದೆ ಎಂಬುದನ್ನಷ್ಟೇ ಅಲ್ಲ, ನೀವು ತಡೆದಾಗ ಆಕೆ ಏನು ಮಾಡಬೇಕು ಎಂಬುದನ್ನೂ.

ಉತ್ತರ: ಬಸ್ ನಿರ್ವಾಹಕ, ವಿಜಯಪುರ–ಬಾಗಲಕೋಟೆ ಮಾರ್ಗ

ನನಗೆ ಉಗ್ಗು ಇಲ್ಲ, ಆದರೂ ಒಂದು ಪ್ರಶ್ನೆ ಕೇಳಬೇಕೆನಿಸಿತು. ನಮ್ಮ ಬಸ್ಸಿನಲ್ಲಿ ಕಾಲೇಜಿನ ಹುಡುಗನೊಬ್ಬ ಯಾವಾಗಲೂ ಬೀಳಗಿ ಕ್ರಾಸಿಗೆ ಟಿಕೆಟ್ ತೆಗೆದುಕೊಂಡು ಅದಕ್ಕೂ ಮೊದಲೇ ಕೊಲ್ಹಾರದಲ್ಲಿ ಇಳಿಯುತ್ತಿದ್ದ. ಹೆಚ್ಚಿನ ದುಡ್ಡು ಏಕೆ ಕೊಡುತ್ತಾನೆಂದು ನನಗೆ ಅರ್ಥವಾಗಿರಲಿಲ್ಲ. ಒಮ್ಮೆ ಕೇಳಿದಾಗ 'ಕೊ' ಎನ್ನುವಲ್ಲಿ ಅವನ ಮಾತು ನಿಂತಿತು, ಕತ್ತಿನ ನರಗಳು ಉಬ್ಬಿದವು, ಹಿಂದಿನ ಸೀಟಿನವರು ತಿರುಗಿ ನೋಡಿದರು. ಅಂದಿನಿಂದ ಅವನು ಹತ್ತಿದೊಡನೆ ನಾನೇ ಕೊಲ್ಹಾರದ ಟಿಕೆಟ್ ಹರಿದು ಕೊಡುತ್ತೇನೆ. ಇದು ಸರಿಯೇ? ಇಲ್ಲಿನ ಉತ್ತರಗಳನ್ನು ಓದಿದ ಮೇಲೆ ಅವನ ಮಾತನ್ನು ನಾನು ಕಸಿದುಕೊಳ್ಳುತ್ತಿದ್ದೇನೆಯೇ ಎಂಬ ಅನುಮಾನ ಬಂದಿದೆ. ತುಂಬಿದ ಬಸ್ಸಿನಲ್ಲಿ ಕಾಯುವುದು ಎಷ್ಟು ಕಷ್ಟ ಎಂಬುದನ್ನೂ ತಿಳಿದವರು ಗಮನಿಸಬೇಕು.

ಉತ್ತರ: ವಾಕ್ ಚಿಕಿತ್ಸಕಿ, ಬೆಳಗಾವಿ

ನಿರ್ವಾಹಕರೇ, ನೀವು ಅವನಿಗೆ ಸುಮ್ಮನೆ ಟಿಕೆಟ್ ಕೊಡುವುದರಲ್ಲಿ ಕೆಡುಕೇನೂ ಇಲ್ಲ. ದಿನವೂ ಬರುವ ಎಲ್ಲ ಪ್ರಯಾಣಿಕರಿಗೂ ಹಾಗೆಯೇ ಕೊಡುತ್ತೀರಲ್ಲವೇ? ಬಸ್ಸು ಖಾಲಿಯಿದ್ದಾಗ ಒಮ್ಮೆ ಅವನನ್ನೇ ಕೇಳಿ, ನಾನೇ ಹರಿದು ಕೊಡಲೋ, ನೀನು ಹೇಳುತ್ತೀಯೋ ಎಂದು. ಅವನು ಹೇಳುತ್ತೇನೆಂದರೆ ಕಾಯಿರಿ. ಕಟ್ಟಿಕೊಂಡ ಮಾತು ಬಹುತೇಕ ಕೆಲವೇ ಕ್ಷಣಗಳಲ್ಲಿ ಬಿಡುತ್ತದೆ, ಕೇಳುವವರಿಗೆ ಮಾತ್ರ ಅದು ಬಹಳ ದೀರ್ಘವೆನಿಸುತ್ತದೆ. ಕಾಯುವಾಗ ಅವನ ಬಾಯನ್ನು ದಿಟ್ಟಿಸಬೇಡಿ, ಮುಖ ತಿರುಗಿಸಲೂ ಬೇಡಿ. ಬೇರೆಯವರ ಮಾತು ಕೇಳುವಂತೆಯೇ ಕೇಳಿ. 'ನಿಧಾನವಾಗಿ ಹೇಳು', 'ಉಸಿರು ಎಳೆದುಕೋ', 'ಗಾಬರಿಯಾಗಬೇಡ' ಎಂಬ ಮಾತುಗಳು ಸದುದ್ದೇಶದವೇ ಆದರೂ ಉಪಯೋಗಕ್ಕೆ ಬರುವುದಿಲ್ಲ. ನಿನ್ನ ಮಾತಿಗಿಂತ ನಿನ್ನ ತೊದಲನ್ನೇ ನಾನು ಗಮನಿಸುತ್ತಿದ್ದೇನೆ ಎಂದು ಅವು ಅವನಿಗೆ ತಿಳಿಸಿಬಿಡುತ್ತವೆ.

ಕೇಳುಗರ ಮಾತಿಗೆ ಎಷ್ಟು ಬಲವಿದೆ ಎಂಬುದಕ್ಕೆ ನೋವಿನ ಉದಾಹರಣೆಯೊಂದಿದೆ. 1939ರಲ್ಲಿ ಅಮೆರಿಕದ ಅಯೋವಾದಲ್ಲಿ ಅನಾಥಾಲಯದ 22 ಮಕ್ಕಳ ಮೇಲೆ ಒಂದು ಪ್ರಯೋಗ ನಡೆಯಿತು. ಸರಿಯಾಗಿಯೇ ಮಾತಾಡುತ್ತಿದ್ದ ಕೆಲವು ಮಕ್ಕಳಿಗೆ, ನಿಮ್ಮ ಮಾತಿನಲ್ಲಿ ದೋಷವಿದೆ, ತಪ್ಪಿಲ್ಲದೆ ಆಡಲು ಬಾರದಿದ್ದರೆ ಆಡಲೇಬೇಡಿ ಎಂದು ಪದೇ ಪದೇ ಹೇಳಲಾಯಿತು. ಆ ಮಕ್ಕಳು ಉಗ್ಗು ಇರುವವರಾಗಲಿಲ್ಲ, ಆದರೆ ಮಾತೇ ಕಡಿಮೆ ಮಾಡಿ ಮುದುಡಿಕೊಂಡರು. ಪ್ರಯೋಗ ನಡೆಸಿದ ಅಯೋವಾ ವಿಶ್ವವಿದ್ಯಾಲಯ 2001ರಲ್ಲಿ ಕ್ಷಮೆ ಕೇಳಿತು, 2007ರಲ್ಲಿ ಅಯೋವಾ ರಾಜ್ಯ ಪರಿಹಾರ ಕೊಡಲು ಒಪ್ಪಿತು. ಗುರುಗಳಿಗೆ ನನ್ನ ವಿನಂತಿ ಇದೇ ಕಾರಣಕ್ಕೆ: 'ಅಲ್ಲಿ ಮಾತಾಡಬೇಡ' ಎಂಬುದು ಸಣ್ಣ ಸಲಹೆಯಲ್ಲ. ಬಾಯಲ್ಲಿ ಕಲ್ಲು ಇಟ್ಟುಕೊಳ್ಳುವ ಅಭ್ಯಾಸವನ್ನಂತೂ ಯಾರೂ ಮಾಡಬಾರದು, ಅದು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು.

ಜಮಖಂಡಿಯವರಿಗೆ: ಹೇಳುವುದಾದರೆ ನೀವೇ ಹೇಳಿ, ಆರಂಭದಲ್ಲಿಯೇ ಹೇಳಿ, ಕ್ಷಮೆ ಕೇಳುವ ಧಾಟಿಯಲ್ಲಿ ಹೇಳಬೇಡಿ. 'ನನಗೆ ಉಗ್ಗು ಇದೆ, ಕೆಲವು ಶಬ್ದಗಳಿಗೆ ತುಸು ಸಮಯ ಹಿಡಿಯುತ್ತದೆ, ಮುಗಿಸುವವರೆಗೆ ಕಾಯಿರಿ' ಎಂದರೆ ಸಾಕು. ಹೀಗೆ ಸಹಜವಾಗಿ ಮೊದಲೇ ತಿಳಿಸಿದವರ ಬಗ್ಗೆ ಕೇಳುಗರ ಅಭಿಪ್ರಾಯ ಉತ್ತಮವಾಗಿರುತ್ತದೆ ಎಂದೂ, ಕ್ಷಮೆ ಬೇಡುತ್ತ ಹೇಳಿದಾಗ ಆ ಲಾಭ ಸಿಗುವುದಿಲ್ಲ ಎಂದೂ ಈ ಕುರಿತ ಸಂಶೋಧನೆಗಳು ತೋರಿಸಿವೆ. ಕೌಂಟರಿನ ವಿಷಯವನ್ನೂ ಮೇಲಿನವರೊಂದಿಗೆ ಇದೇ ಧಾಟಿಯಲ್ಲಿ ಎತ್ತಬಹುದು.

ಪ್ರಶ್ನೆ ಕೇಳಿದವರಿಂದ: ಜಮಖಂಡಿಯ ಲೆಕ್ಕಿಗ

ಎಲ್ಲರಿಗೂ ಕೃತಜ್ಞತೆಗಳು. ಭಜನೆಯ ವಿಷಯವನ್ನು ತಾಯಿಗೆ ಓದಿ ಹೇಳಿದೆ. ಅವರು ಬಹಳ ಹೊತ್ತು ಏನೂ ಆಡಲಿಲ್ಲ, ಅನಂತರ ಅವರ ಅಣ್ಣನೊಬ್ಬನಿಗೂ ಹೀಗೆಯೇ ಇತ್ತೆಂದು ಮೊದಲ ಸಲ ಹೇಳಿದರು. ಮಾವ ಇನ್ನೂ ಒಪ್ಪಿಲ್ಲ. ಸಂಬಂಧ ತಪ್ಪಿದರೆ ಹೊಣೆ ನಿನ್ನದು ಎಂದಿದ್ದಾರೆ, ಆ ಹೊಣೆ ಹೊರಲು ನಾನು ಸಿದ್ಧ. ಹುಡುಗಿಗೆ ಮೊದಲೇ ಧ್ವನಿ ಸಂದೇಶ ಕಳಿಸಬೇಕೆಂದಿದ್ದೇನೆ. ನಿನ್ನೆ ರಾತ್ರಿ ಕೋಣೆಯಲ್ಲಿ ಒಬ್ಬನೇ ಕುಳಿತು ರೆಕಾರ್ಡ್ ಮಾಡಿದರೆ ತೊದಲೇ ಬರಲಿಲ್ಲ. ಇದನ್ನು ಕಳಿಸಿದರೆ ನನ್ನ ನಿಜವಾದ ಮಾತನ್ನು ಮತ್ತೆ ಮುಚ್ಚಿಟ್ಟಂತಾಗುವುದಿಲ್ಲವೇ?

ಉತ್ತರ: ಇಳಕಲ್ಲಿನ ಸೊಸೆ

ಆಗುತ್ತದೆ. ಒಬ್ಬರೇ ಕುಳಿತು ಮಾಡಬೇಡಿ. ನೀವು ಸಾಮಾನ್ಯವಾಗಿ ಯಾರ ಎದುರು ತಡೆಯುತ್ತೀರೋ ಅಂಥವರೊಬ್ಬರನ್ನು, ಮಾವನನ್ನೇ ಆದರೂ ಸರಿ, ಎದುರಿಗೆ ಕೂರಿಸಿಕೊಂಡು ಮಾಡಿ. ಹೆಸರಿನಿಂದಲೇ ಆರಂಭಿಸಿ, ಬದಲಿ ಶಬ್ದ ಹುಡುಕಬೇಡಿ, ಮೊದಲ ಸಲ ಆಡಿದ್ದನ್ನೇ ಕಳಿಸಿ. ಅಳಿಸಿ ಮತ್ತೊಮ್ಮೆ ಮಾಡಬೇಕೆಂಬ ಆಸೆ ಬಹಳ ಬರುತ್ತದೆ, ಆದ್ದರಿಂದ ಫೋನನ್ನು ಬೇರೆಯವರ ಕೈಗೆ ಕೊಟ್ಟು ಅವರಿಂದಲೇ ಕಳಿಸಿಬಿಡಿ.